ಚಹದಂಗಡಿಯ ಗಣಕವೂ ಬ್ಯಾಂಕಿನ ಲೆಡ್ಜರೂ

2021ನೆಯ ಇಸವಿಯ ಜೂನ್ ತಿಂಗಳು. ಮುಂಬಯಿಯಲ್ಲಿ ಮಳೆ ಹಿಡಿದ ದಿನಗಳು. ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆಗೆ ನಮ್ಮ ಊರ ಕಡೆಯ ಹಿರಿಯರೊಬ್ಬರು ಬಂದರು. ಈ ನಗರಕ್ಕೆ ಬಂದು ಐವತ್ತು ವರುಷ ಸಂದಿದ್ದರೂ ಅವರ ಮಾತು ಇನ್ನೂ ಉಡುಪಿಯ ರಥಬೀದಿಯಲ್ಲೇ ಇದೆ. ಪ್ಲಾಸ್ಟಿಕ್ ಚೀಲದಿಂದ ಸಿಂಡಿಕೇಟ್ ಬ್ಯಾಂಕಿನ ಪಾಸ್ ಪುಸ್ತಕವೊಂದನ್ನು ಹೊರತೆಗೆದು ಮೇಜಿನ ಮೇಲಿಟ್ಟು, "ಇದರಲ್ಲಿರುವ ಕೋಡ್ ನಂಬ್ರ ತಿಂಗಳ ಕೊನೆಗೆ ರದ್ದಂತೆ, ಹೌದಾ?" ಎಂದು ಕೇಳಿದರು. ಹೌದೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯಾ, ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್ ಮೂರೂ ನಮ್ಮ ಜಿಲ್ಲೆಯವೇ. ಸೇರಿಸುವುದಾದರೆ ಮೂರನ್ನೂ ಒಟ್ಟಿಗೆ ಸೇರಿಸಬಹುದಿತ್ತಲ್ಲ? ಇದನ್ನು ಕೆನರಾಕ್ಕೆ ಕೊಟ್ಟು ಅದನ್ನು ಯೂನಿಯನ್ ಬ್ಯಾಂಕಿಗೆ ಯಾಕೆ ಕೊಟ್ಟರು?" ಎಂದರು.

ನ್ಯಾಯವಾದ ಪ್ರಶ್ನೆಯೇ. ಕೆನರಾ ಬ್ಯಾಂಕು ಮಂಗಳೂರಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿಯೂ ಒಂದೇ ವರ್ಷ, 1906ರಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ. 2019ರ ಆಗಸ್ಟ್ 30ರಂದು ಹಣಕಾಸಿನ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಹತ್ತು ಸರಕಾರಿ ಬ್ಯಾಂಕುಗಳನ್ನು ನಾಲ್ಕಾಗಿ ಮಾಡುವ ಯೋಜನೆಯನ್ನು ಸಾರಿದಾಗ ಕಾರಣಗಳನ್ನು ಹಲವು ಹೇಳಿದರು. ಅವುಗಳಲ್ಲಿ ಒಂದನ್ನು ಪತ್ರಿಕೆಗಳನ್ನು ಓದಿದ ಬಹುಮಂದಿ ಗಮನಿಸಿರಲಾರರು. ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೆರಡೂ ಐ-ಫ್ಲೆಕ್ಸ್ ಸಂಸ್ಥೆಯ ಗಣಕ ವ್ಯವಸ್ಥೆಯಲ್ಲಿ ನಡೆಯುತ್ತವೆ. ಯೂನಿಯನ್, ಆಂಧ್ರ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಮೂರೂ ಫಿನಾಕಲ್ ಎಂಬುದರಲ್ಲಿ ನಡೆಯುತ್ತವೆ. ಇಂಡಿಯನ್ ಮತ್ತು ಅಲಹಾಬಾದ್ ಬ್ಯಾಂಕುಗಳು ಬ್ಯಾಂಕ್ಸ್ ಎಂಬುದರಲ್ಲಿ. ಆದ್ದರಿಂದ ಕೂಡಿಕೆ ಸುಲಭ ಎಂಬುದೇ ಆ ಕಾರಣ. ಮದುವೆಗೆ ಮುಂಚೆ ಜಾತಕ ನೋಡುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ಇಲ್ಲಿ ಕೂಡಿಬಂದ ಜಾತಕ ಯಂತ್ರಗಳದ್ದು.

ಹಿರಿಯರಿಗೆ ಇಷ್ಟನ್ನು ಹೇಳಿ ಕಳಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವ್ಯವಹಾರಕ್ಕಾಗಿ ಯಂತ್ರ ಬಂದಿತೋ, ಯಂತ್ರದ ಹಿಂದೆ ವ್ಯವಹಾರ ನಡೆಯತೊಡಗಿತೋ? ಈ ವಿಷಯ ಇಂದು ದೊಡ್ಡ ಸಂಸ್ಥೆಗಳಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದು ಅದಕ್ಕೆ ಹೆಸರು. ಸಂಸ್ಥೆಯ ವಾಸ್ತು ಎಂದು ನಾವು ಕರೆಯಬಹುದು. ಸಂಸ್ಥೆ ಯಾವ ಉದ್ದೇಶಕ್ಕೆ ಇದೆ, ಅದಕ್ಕಾಗಿ ಯಾವ ಕೆಲಸ ಮಾಡುತ್ತದೆ, ಆ ಕೆಲಸಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿಯನ್ನು ಯಾವ ಯಂತ್ರ ಹೊರಬೇಕು ಎಂಬುದನ್ನು ಮನೆಯ ನಕ್ಷೆಯಂತೆ ಮೇಲಿನಿಂದ ಕೆಳಗಿನವರೆಗೆ ಬರೆದಿಡುವ ವಿದ್ಯೆ ಇದು. ಹೆಸರು ಹೊಸದು, ಕೆಲಸ ಹಳೆಯದು. ಅದರ ಚರಿತ್ರೆಯ ಮೊದಲನೆಯ ಒಳ್ಳೆಯ ಅಧ್ಯಾಯ ನಡೆದದ್ದು ಬ್ಯಾಂಕಿನಲ್ಲಿ ಅಲ್ಲ, ಸೈನ್ಯದಲ್ಲಿಯೂ ಅಲ್ಲ. ಲಂಡನ್ನಿನ ಒಂದು ಚಹದಂಗಡಿಯಲ್ಲಿ.

ಮುಂಬಯಿಯ ಉಡುಪಿ ಹೊಟೆಲುಗಳನ್ನು ಬಲ್ಲ ನಮ್ಮವರಿಗೆ ಜೆ. ಲಾಯನ್ಸ್ ಅಂಡ್ ಕಂಪೆನಿಯ ಸ್ವರೂಪವನ್ನು ವಿವರಿಸುವುದು ಕಷ್ಟವಲ್ಲ. 1894ರಲ್ಲಿ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಅದರ ಮೊದಲನೆಯ ಚಹದಂಗಡಿ ತೆರೆಯಿತು. ಶುಚಿಯಾದ ಮೇಜು, ಒಳ್ಳೆಯ ಚಹ, ಸಾಮಾನ್ಯ ಗುಮಾಸ್ತನ ಕಿಸೆಗೆ ನಿಲುಕುವ ದರ. ಕಾಲಕ್ರಮದಲ್ಲಿ ಅಂತಹ ಅಂಗಡಿಗಳು ಇನ್ನೂರನ್ನು ಮೀರಿದವು. ಅವುಗಳಿಗೆಲ್ಲ ಬ್ರೆಡ್ಡು, ಕೇಕು, ಕಡುಬುಗಳು ಹ್ಯಾಮರ್‌ಸ್ಮಿತ್ತಿನ ಕ್ಯಾಡ್‌ಬಿ ಹಾಲ್ ಎಂಬ ಕೇಂದ್ರದಲ್ಲಿ ಸಿದ್ಧವಾಗಿ ಗಾಡಿಗಳಲ್ಲಿ ಹೋಗುತ್ತಿದ್ದವು. ಈ ವ್ಯಾಪಾರದ ಗುಣವೇನೆಂದರೆ, ಒಂದು ಬಟ್ಟಲು ಚಹದಲ್ಲಿ ಉಳಿಯುವ ಲಾಭ ಅತ್ಯಲ್ಪ, ಆದರೆ ಬಟ್ಟಲುಗಳು ಲಕ್ಷಗಟ್ಟಲೆ. ಒಂದೊಂದು ಚಿಲ್ಲರೆ ಬಿಲ್ಲಿಗೂ ಒಂದೊಂದು ಲೆಕ್ಕ. ಆ ಲೆಕ್ಕ ಬರೆಯುವ ಖರ್ಚೇ ಬಟ್ಟಲಿನ ಲಾಭವನ್ನು ಕುಡಿದುಬಿಡಬಹುದು. ಹೀಗಾಗಿ ಆ ಕಂಪೆನಿಯವರಿಗೆ ಗುಮಾಸ್ತಗಿರಿಯೆಂಬುದು ಅಡುಗೆಯಷ್ಟೇ ಮುಖ್ಯವಾದ ವಿಷಯವಾಯಿತು.

1923ರಲ್ಲಿ ಜಾನ್ ಸಿಮನ್ಸ್ ಎಂಬವರು ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಈ ಕಂಪೆನಿಯನ್ನು ಸೇರಿದರು. ಲೆಕ್ಕವೆಂದರೆ ಹೋದ ವರ್ಷದ ಜಮಾಖರ್ಚನ್ನು ತೋರಿಸುವ ಕನ್ನಡಿ ಮಾತ್ರವಲ್ಲ, ನಾಳೆ ಏನು ಮಾಡಬೇಕೆಂದು ಯಜಮಾನನಿಗೆ ಇಂದೇ ಹೇಳಬೇಕಾದ ಸಾಧನ ಎಂಬುದು ಅವರ ನಿಲುವು. ಇದಕ್ಕಾಗಿ 1930ರ ದಶಕದಲ್ಲಿ ಕಂಪೆನಿಯೊಳಗೆ ಕಾರ್ಯಪದ್ಧತಿಗಳ ಸಂಶೋಧನೆಗೆಂದೇ ಒಂದು ಕಚೇರಿ ಏರ್ಪಟ್ಟಿತು. ಒಂದು ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಏಕೆ ಹೋಗುತ್ತದೆ, ಹೋಗದಿದ್ದರೆ ಯಾರಿಗೆ ನಷ್ಟ ಎಂದು ಕೇಳುತ್ತ ತಿರುಗುವುದೇ ಆ ಕಚೇರಿಯ ಕೆಲಸ. ಗಣಕಯಂತ್ರ ಎಂಬ ಶಬ್ದವೇ ಕಿವಿಗೆ ಬೀಳದಿದ್ದ ಕಾಲದಲ್ಲಿ ಈ ನಕ್ಷೆ ಸಿದ್ಧವಾಗುತ್ತಿತ್ತು. ಮುಂದಿನ ಕಥೆಯ ಗುಟ್ಟೆಲ್ಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

1947ರಲ್ಲಿ ಕಂಪೆನಿಯು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಮತ್ತು ರೇಮಂಡ್ ಥಾಂಪ್ಸನ್ ಎಂಬಿಬ್ಬರನ್ನು, ಯುದ್ಧಕಾಲದಲ್ಲಿ ಅಮೆರಿಕದ ಕಚೇರಿಗಳು ಏನು ಹೊಸತನ್ನು ಕಲಿತಿವೆಯೆಂದು ನೋಡಿ ಬರಲು ಕಳಿಸಿತು. ಅಲ್ಲಿನ ಕಚೇರಿಗಳಲ್ಲಿ ಅವರಿಗೆ ಮೆಚ್ಚಿಗೆಯಾದದ್ದು ಕಡಿಮೆ. ಆದರೆ ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ಗಣಿತಜ್ಞರನ್ನು ಕಂಡು, ಸೈನ್ಯದ ಲೆಕ್ಕಗಳಿಗಾಗಿ ಕಟ್ಟಿದ್ದ ಎನಿಯಾಕ್ ಎಂಬ ವಿದ್ಯುನ್ಮಾನ ಯಂತ್ರದ ವಿಷಯ ತಿಳಿದುಕೊಂಡರು. ತೋಪಿನ ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವ ಯಂತ್ರ ಬ್ರೆಡ್ಡಿನ ಲೆಕ್ಕ ಏಕೆ ಹಾಕಬಾರದು? ಅವರಿಬ್ಬರಿಗೂ ಹೊಳೆದದ್ದು ಇದು. ಇನ್ನೊಂದು ವಿಷಯವನ್ನೂ ಗೋಲ್ಡ್‌ಸ್ಟೈನ್ ಹೇಳಿದರು: ಅಂತಹ ಯಂತ್ರವನ್ನು ನಿಮ್ಮ ಮನೆಯ ಹಿತ್ತಲಲ್ಲೇ, ಕೇಂಬ್ರಿಜ್ಜಿನಲ್ಲಿಯೇ, ಕಟ್ಟುತ್ತಿದ್ದಾರೆ ಎಂದು.

ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಅವರು ಎಡ್ಸಾಕ್ ಎಂಬ ಯಂತ್ರವನ್ನು ಕಟ್ಟುತ್ತಿದ್ದರು. ಚಹದ ಕಂಪೆನಿ ಅವರಿಗೆ 3000 ಪೌಂಡುಗಳನ್ನು ಕೊಟ್ಟಿತು, ತನ್ನ ಒಬ್ಬ ನೌಕರನನ್ನೂ ಸಹಾಯಕ್ಕೆ ಕಳಿಸಿತು. 1949ರ ಮೇ 6ರಂದು ಎಡ್ಸಾಕ್ ತನ್ನ ಮೊದಲನೆಯ ಲೆಕ್ಕವನ್ನು ಮಾಡಿತು. ಕೂಡಲೇ ಲಾಯನ್ಸ್ ಕಂಪೆನಿ ಅದೇ ಮಾದರಿಯಲ್ಲಿ ತನ್ನದೇ ಯಂತ್ರವನ್ನು ಕಟ್ಟಲು ತೊಡಗಿತು. ಜಾನ್ ಪಿಂಕರ್ಟನ್ ಎಂಬ ತರುಣ ಎಂಜಿನಿಯರರು ಅದರ ಹೊಣೆ ಹೊತ್ತರು. ಸುಮಾರು 6000 ವಾಲ್ವುಗಳು, ಪಾದರಸ ತುಂಬಿದ ಕೊಳವೆಗಳಲ್ಲಿ ಓಡುವ ನೆನಪು, ಒಂದು ಹಜಾರವನ್ನೆಲ್ಲ ತುಂಬುವ ದೇಹ. ಅದಕ್ಕೆ ಇಟ್ಟ ಹೆಸರು ಲಿಯೊ, ಅಂದರೆ ಲಾಯನ್ಸ್ ಎಲೆಕ್ಟ್ರಾನಿಕ್ ಆಫೀಸ್. 1951ರ ನವೆಂಬರಿನಿಂದ ಅದು ಬೇಕರಿಗಳಲ್ಲಿ ತಯಾರಾದ ಮಾಲಿನ ಬೆಲೆಯನ್ನು ವಾರವಾರ ಲೆಕ್ಕ ಹಾಕತೊಡಗಿತು. ವ್ಯಾಪಾರದ ನಿತ್ಯದ ಕೆಲಸವನ್ನು ಗಣಕಯಂತ್ರ ಮಾಡಿದ್ದು ಪ್ರಪಂಚದಲ್ಲಿಯೇ ಅದು ಮೊದಲು ಎಂದು ಚರಿತ್ರಕಾರರ ಮತ.

1954ರಲ್ಲಿ ಸಂಬಳದ ಲೆಕ್ಕವೂ ಯಂತ್ರಕ್ಕೆ ಬಂದಿತು. ಒಬ್ಬ ನೌಕರನ ಸಂಬಳವನ್ನು ಲೆಕ್ಕ ಹಾಕಲು ಅನುಭವಿ ಗುಮಾಸ್ತನಿಗೆ 8 ನಿಮಿಷ ಹಿಡಿಯುತ್ತಿದ್ದರೆ ಲಿಯೊಗೆ ಹಿಡಿದದ್ದು ಒಂದೂವರೆ ಸೆಕೆಂಡು. ಈ ಸಂಖ್ಯೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ಗುಮಾಸ್ತನಾದ ನನಗೆ ಅದಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿದದ್ದು ಅದೇ ವರ್ಷದ ಇನ್ನೊಂದು ಕೆಲಸ.

ಪ್ರತಿಯೊಂದು ಚಹದಂಗಡಿಯ ಮೇಲ್ವಿಚಾರಕಿಯೂ ನಾಳೆಗೆ ತನಗೆ ಎಷ್ಟು ಬ್ರೆಡ್ಡು, ಎಷ್ಟು ಬನ್ನು, ಎಷ್ಟು ಕಡುಬು ಬೇಕೆಂದು ದಿನವೂ ಉದ್ದನೆಯ ಪಟ್ಟಿ ಬರೆದು ಕೇಂದ್ರಕ್ಕೆ ಕಳಿಸಬೇಕಾಗಿತ್ತು. ಆ ಪಟ್ಟಿಗಳನ್ನು ಹಾಗೆಯೇ ಯಂತ್ರಕ್ಕೆ ಉಣಿಸಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಮಾಡುತ್ತಿದ್ದರು. ಪದ್ಧತಿಗಳ ಕಚೇರಿಯಿಂದ ಬಂದಿದ್ದ ಡೇವಿಡ್ ಕ್ಯಾಮಿನರ್ ಎಂಬವರು ಮೊದಲು ಕೆಲಸವನ್ನೇ ತಿರುವಿಹಾಕಿದರು. ಸೋಮವಾರದ ಗಿರಾಕಿ ಸೋಮವಾರದ ಹಾಗೆಯೇ ಇರುತ್ತಾನೆ, ಶನಿವಾರದವನು ಶನಿವಾರದ ಹಾಗೆ. ಆದುದರಿಂದ ವಾರದ ಒಂದೊಂದು ದಿನಕ್ಕೂ ಒಂದೊಂದು ಅಂಗಡಿಗೂ ಒಂದು ಕಾಯಂ ಪಟ್ಟಿಯನ್ನು ಇಟ್ಟುಕೊಳ್ಳುವುದು. ಮೇಲ್ವಿಚಾರಕಿ ಹೇಳಬೇಕಾದದ್ದು ಆ ದಿನದ ವ್ಯತ್ಯಾಸ ಮಾತ್ರ. ಮಧ್ಯಾಹ್ನ ನಿಗದಿಯಾದ ಹೊತ್ತಿಗೆ ಕೇಂದ್ರದಿಂದ ಟೆಲಿಫೋನು ಹೋಗುತ್ತದೆ. ಕಿವಿಗೆ ಫೋನು ಸಿಕ್ಕಿಸಿಕೊಂಡ ಹುಡುಗಿ ಅವಳ ಮಾತನ್ನು ಕೇಳುತ್ತ ಕೇಳುತ್ತಲೇ ಕಾರ್ಡಿಗೆ ತೂತು ಹೊಡೆಯುತ್ತಾಳೆ. ಆ ಕಾರ್ಡುಗಳನ್ನು ನುಂಗಿದ ಲಿಯೊ ರಾತ್ರಿಯ ಪ್ಯಾಕಿಂಗಿಗೆ, ಗಾಡಿಗೆ, ಲೆಕ್ಕಕ್ಕೆ ಬೇಕಾದ ಎಲ್ಲ ಪಟ್ಟಿಗಳನ್ನೂ ಮುದ್ರಿಸುತ್ತದೆ. ಮೇಲ್ವಿಚಾರಕಿ ಬರೆಯುವುದನ್ನು ಬಿಟ್ಟು ಗಿರಾಕಿಯ ಕಡೆ ತಿರುಗಿದಳು. ಅವಳನ್ನು ಅಲ್ಲಿ ಇಟ್ಟದ್ದೂ ಅದಕ್ಕಾಗಿಯೇ ಅಲ್ಲವೇ?

ಲಿಯೊದ ಕೊನೆ ಅಷ್ಟು ಸಂತೋಷದ್ದಲ್ಲ. ಇತರರಿಗೂ ಯಂತ್ರ ಕಟ್ಟಿಕೊಡಲು 1954ರಲ್ಲಿ ಬೇರೆ ಕಂಪೆನಿಯಾಯಿತು. 1963ರಲ್ಲಿ ಅದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಯ ಗಣಕ ವಿಭಾಗದೊಡನೆ ಕೂಡಿಕೊಂಡಿತು, 1968ರಲ್ಲಿ ಐ.ಸಿ.ಎಲ್. ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. ಲಾಯನ್ಸ್ ಕಂಪೆನಿ ತಾನೇ 1978ರಲ್ಲಿ ಬೇರೆಯವರ ಪಾಲಾಯಿತು. ಚಹ ಮಾರುವವನಿಗೆ ಯಂತ್ರ ಮಾರುವ ಬಂಡವಾಳ ಇರಲಿಲ್ಲ ಎಂದು ಇಷ್ಟರಲ್ಲಿ ಹೇಳಿ ಮುಗಿಸಬಹುದು.

ಇನ್ನು ಶಾಸ್ತ್ರದ ವಿಚಾರ. ಮೂರು ದಶಕಗಳು ಕಳೆಯುವಷ್ಟರಲ್ಲಿ ಪ್ರಪಂಚದ ಕಂಪೆನಿಗಳೆಲ್ಲ ಯಂತ್ರಗಳನ್ನು ಕೊಂಡವು. ಒಂದು ವಿಭಾಗಕ್ಕೆ ಒಂದು, ಇನ್ನೊಂದು ವಿಭಾಗಕ್ಕೆ ಇನ್ನೊಂದು. ಹಳೆಯ ಮನೆಗೆ ಮಗನಿಗೊಂದು ಕೋಣೆ, ಅಳಿಯನಿಗೊಂದು ಕೋಣೆ ಎಂದು ಕಟ್ಟುತ್ತ ಹೋಗಿ ಕೊನೆಗೆ ಅಡಿಗೆಮನೆಗೆ ಬೆಳಕಿಲ್ಲದಂತಾದ ಸ್ಥಿತಿ. 1987ರಲ್ಲಿ ಐ.ಬಿ.ಎಂ. ಕಂಪೆನಿಯ ಜಾನ್ ಜಾಕ್‌ಮನ್ ಎಂಬವರು ಆ ಕಂಪೆನಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರು ನೋಡಿದ್ದು ಗಣಕಯಂತ್ರವನ್ನಲ್ಲ, ಮನೆ ಕಟ್ಟಿಸುವವರನ್ನು. ಮೊದಲು ಯಜಮಾನನ ಮನಸ್ಸಿನಲ್ಲಿರುವುದನ್ನು ವಾಸ್ತುಶಿಲ್ಪಿ ಗುಂಡುಗುಂಡಾಗಿ ಗೀಚಿ ತೋರಿಸುತ್ತಾನೆ; ಆಮೇಲೆ ಯಜಮಾನನಿಗೆ ಅರ್ಥವಾಗುವ ಚಿತ್ರ ಬರುತ್ತದೆ; ಅನಂತರ ಶಿಲ್ಪಿಯ ನಕ್ಷೆ, ಕಂತ್ರಾಟುದಾರನ ನಕ್ಷೆ, ಕೊನೆಗೆ ಬಡಗಿಯ ಅಳತೆಚೀಟಿ. ಇವೆಲ್ಲ ಒಂದೇ ಮನೆಯವು, ಆದರೆ ಒಂದರ ಬದಲು ಇನ್ನೊಂದು ನಡೆಯದು. ಸಂಸ್ಥೆಯ ಮಾಹಿತಿ ವ್ಯವಸ್ಥೆಗೂ ಹೀಗೆಯೇ ಅಂತಸ್ತುಗಳು ಬೇಕು ಎಂದು ಅವರ ವಾದ.

ಆ ಅಂತಸ್ತುಗಳಿಗೆ ಅಡ್ಡಲಾಗಿ ಅವರು ಪ್ರಶ್ನೆಗಳನ್ನು ಹೂಡಿದರು. 1987ರ ಲೇಖನದಲ್ಲಿ ವಿಸ್ತರಿಸಿದ್ದು ಮೂರನ್ನು: ಏನು, ಹೇಗೆ, ಎಲ್ಲಿ. 1992ರಲ್ಲಿ ಜಾನ್ ಸೋವ ಎಂಬವರೊಡನೆ ಸೇರಿ ಉಳಿದ ಮೂರನ್ನು ತುಂಬಿದರು: ಯಾರು, ಯಾವಾಗ, ಏಕೆ. ಹೀಗೆ ಸಾಲು ಮತ್ತು ಕಂಬಗಳ ಒಂದು ಚೌಕಟ್ಟು ಪೂರ್ಣವಾಯಿತು. ನಮ್ಮ ಕಿರ್ದಿ ಖತಾವಣಿಯ ಪುಟದಂತೆ ಅದು ಕಾಣುತ್ತದೆ. ಯಾವ ಮನೆಯನ್ನು ಖಾಲಿ ಬಿಟ್ಟಿದ್ದೀರಿ ಎಂಬುದನ್ನು ಅದು ಕೂಡಲೇ ತೋರಿಸುತ್ತದೆ. 'ಏಕೆ' ಎಂಬ ಕಂಬ ಐದು ವರ್ಷ ತಡವಾಗಿ ತುಂಬಿತು ಎಂಬುದನ್ನು ವಾಚಕರು ಗಮನಿಸಬೇಕು. ಇದರ ಪ್ರಸಂಗ ಮುಂದೆ ಬರುತ್ತದೆ. ಅಮೆರಿಕ ಸರಕಾರ 1996ರಲ್ಲಿ ಕಾನೂನು ಮಾಡಿ, ತನ್ನ ಇಲಾಖೆಗಳು ಇಂತಹ ನಕ್ಷೆಯನ್ನು ಇಟ್ಟುಕೊಳ್ಳಬೇಕೆಂದಿತು. ಅಲ್ಲಿನ ರಕ್ಷಣಾ ಇಲಾಖೆಯ ಕೆಲಸವನ್ನು ಆಧಾರವಾಗಿಟ್ಟುಕೊಂಡು 1995ರಲ್ಲಿ ಟೋಗಾಫ್ ಎಂಬ ಇನ್ನೊಂದು ಚೌಕಟ್ಟು ಬಂದಿತು. ಅದು ಇಂದಿಗೂ ಬಳಕೆಯಲ್ಲಿದೆ. ಅವುಗಳ ಪರಿಭಾಷೆಯಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ನಾವು ನಮ್ಮ ಬ್ಯಾಂಕಿಗೆ ಬರೋಣ.

ನನಗಿಂತ ಹಿರಿಯರಾದ ಸಹೋದ್ಯೋಗಿಗಳು ಹೇಳುವ ಕೈಬರಹದ ಕಾಲವನ್ನು ನಾನು ಕಂಡವನಲ್ಲ. ಎರಡು ಕೈಯಿಂದ ಎತ್ತಬೇಕಾದ ಲೆಡ್ಜರು. ಹಣ ತೆಗೆಯಲು ಬಂದವನ ಕೈಗೆ ಹಿತ್ತಾಳೆಯ ಟೋಕನ್ನು. ಆರು ತಿಂಗಳಿಗೊಮ್ಮೆ ಬಡ್ಡಿ ಹಾಕುವಾಗ ರಾತ್ರಿಯ ಕೊನೆಯ ಲೋಕಲ್ ಗಾಡಿ. ಪುಸ್ತಕಗಳ ಮೊತ್ತ ತಾಳೆ ಬೀಳದಿದ್ದರೆ ಕೆಲವು ಪೈಸೆಗಾಗಿ ದಿನಗಟ್ಟಲೆ ಶೋಧ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಕೆನರಾ, ಸಿಂಡಿಕೇಟ್ ಅವುಗಳಲ್ಲಿ ಸೇರಿದ್ದವು. 1980ರ ಏಪ್ರಿಲ್ 15ರಂದು ಕಾರ್ಪೊರೇಷನ್ ಮತ್ತು ವಿಜಯ ಬ್ಯಾಂಕುಗಳೂ ಸೇರಿ ಇನ್ನೂ ಆರು. ಹಳ್ಳಿಹಳ್ಳಿಗೆ ಶಾಖೆಗಳಾದವು, ಖಾತೆಗಳು ಬೆಳೆದವು, ಲೆಡ್ಜರುಗಳು ಹಿಂದೆ ಬಿದ್ದವು.

ಆದರೂ ಯಂತ್ರವೆಂದರೆ ನೌಕರರಿಗೆ ಭಯ. 1960ರ ದಶಕದಲ್ಲಿ ಕಲ್ಕತ್ತೆಯ ಇಲಾಕೊ ಹೌಸ್ ಎಂಬ ಕಟ್ಟಡದಲ್ಲಿ ಜೀವವಿಮಾ ನಿಗಮ ಗಣಕಯಂತ್ರವನ್ನು ಸ್ಥಾಪಿಸಹೊರಟಾಗ ನೌಕರರು ಕಾವಲು ಕುಳಿತು ತಡೆದರು. ಬ್ಯಾಂಕುಗಳಲ್ಲಿ 1983ರ ಸೆಪ್ಟೆಂಬರಿನಲ್ಲಿ ಆಡಳಿತ ವರ್ಗಕ್ಕೂ ನೌಕರ ಸಂಘಗಳಿಗೂ ಮೊದಲನೆಯ ಒಪ್ಪಂದವಾಯಿತು. ಎಂತಹ ಯಂತ್ರ, ಎಷ್ಟು, ಯಾವ ಕೆಲಸಕ್ಕೆ ಎಂಬುದಕ್ಕೆಲ್ಲ ಮಿತಿ ಹಾಕಿದ ಒಪ್ಪಂದ ಅದು. 1987ರಲ್ಲಿ, ಮತ್ತೆ 1993ರಲ್ಲಿ ಒಪ್ಪಂದಗಳಾಗಿ ಮಿತಿಗಳು ಸಡಿಲಿದವು. ಇಂದು ನಮ್ಮ ತಲೆಮಾರಿನವರು ಈ ವಿರೋಧವನ್ನು ಕೇಳಿ ನಗುತ್ತಾರೆ. ನನಗೆ ನಗಲು ಮನಸ್ಸು ಬಾರದು. ಯಂತ್ರ ಏಕೆ, ಯಾರಿಗಾಗಿ ಎಂದು ಆಗ ಕೇಳಿದವರು ಅವರೊಬ್ಬರೇ. ಜಾಕ್‌ಮನ್ ಮಹಾಶಯರು ತಡವಾಗಿ ತುಂಬಿದ ಕಂಬವನ್ನು ನಮ್ಮ ಗುಮಾಸ್ತರು ಬಾವುಟ ಹಿಡಿದು ಮೊದಲೇ ತುಂಬಿದ್ದರು. ಅವರ ಉತ್ತರ ತಪ್ಪಿರಬಹುದು, ಪ್ರಶ್ನೆ ತಪ್ಪಿರಲಿಲ್ಲ.

ರಿಸರ್ವ್ ಬ್ಯಾಂಕಿನ ಅಂದಿನ ಉಪಗವರ್ನರ್ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅವರದೇ ಎರಡನೆಯ ಸಮಿತಿಯ ವರದಿ 1989ರಲ್ಲಿ ಬಂದಿತು. ಇವುಗಳ ಫಲವಾಗಿ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಆ ಯಂತ್ರದ ಹೆಸರೇ ಅದರ ಗುಣವನ್ನು ಹೇಳುತ್ತದೆ. ಕೈಯಲ್ಲಿ ಬರೆಯುತ್ತಿದ್ದ ಲೆಡ್ಜರನ್ನು ಯಂತ್ರದಲ್ಲಿ ಬರೆಯುವುದು, ಅಷ್ಟೇ. ಮಾಟುಂಗದ ಶಾಖೆಯ ಯಂತ್ರಕ್ಕೆ ಮಾಟುಂಗದ ಗಿರಾಕಿ ಮಾತ್ರ ಗೊತ್ತು. ಅವನೇ ಊರಿಗೆ ಹೋಗಿ ಕುಂದಾಪುರದ ಶಾಖೆಯ ಮುಂದೆ ನಿಂತರೆ ಆತ ಪರದೇಶಿ. ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಅವರು 1998ರಲ್ಲಿ, 2001ರ ಜನವರಿ 1ರೊಳಗೆ ಪ್ರತಿ ಬ್ಯಾಂಕಿನ ವ್ಯವಹಾರದ ಶೇಕಡಾ 70ರಷ್ಟಾದರೂ ಗಣಕಕ್ಕೆ ಬರಬೇಕೆಂದು ಅಪ್ಪಣೆ ಮಾಡಿದರು. ಅಪ್ಪಣೆಯ ಉದ್ದೇಶ ಮೋಸವನ್ನು ತಡೆಯುವುದು. ಆದರೆ ಗಡುವಿಗಾಗಿ ಓಡಿದವರಿಗೆ ನಕ್ಷೆ ಬರೆಯಲು ಪುರಸೊತ್ತೆಲ್ಲಿ?

ನಿಜವಾದ ತಿರುವು ಬಂದದ್ದು ಕೋರ್ ಬ್ಯಾಂಕಿಂಗ್ ಎಂಬ ಪದ್ಧತಿಯಿಂದ. ಶಾಖೆಗೊಂದು ಪುಸ್ತಕ ಹೋಗಿ ಬ್ಯಾಂಕಿಗೊಂದೇ ಪುಸ್ತಕವಾಯಿತು. ಗಿರಾಕಿ ಶಾಖೆಯವನಾಗಿದ್ದವನು ಬ್ಯಾಂಕಿನವನಾದನು. ಸ್ಟೇಟ್ ಬ್ಯಾಂಕು 2003ರಲ್ಲಿ ತೊಡಗಿ 2008ರ ಹೊತ್ತಿಗೆ ತನ್ನ ಶಾಖೆಗಳನ್ನೆಲ್ಲ ಹೀಗೆ ಜೋಡಿಸಿತು. ಇತರ ಬ್ಯಾಂಕುಗಳೂ ಅದೇ ದಶಕದಲ್ಲಿ ಹೆಚ್ಚು ಕಡಿಮೆ ಅದೇ ದಾರಿ ಹಿಡಿದವು. ಇದು ಯಂತ್ರದ ಬದಲಾವಣೆಯೆಂದು ತಿಳಿದವರು ಮೋಸಹೋದರು. ಇದು 'ಗಿರಾಕಿ ಎಂದರೆ ಯಾರು' ಎಂಬ ವ್ಯಾಖ್ಯೆಯ ಬದಲಾವಣೆ. ಒಬ್ಬನೇ ಮನುಷ್ಯ ಊರಿನ ಪುಸ್ತಕದಲ್ಲಿ ಕೆ. ರಾಮಚಂದ್ರ, ಮುಂಬಯಿಯ ಪುಸ್ತಕದಲ್ಲಿ ರಾಮಚಂದ್ರ ಕೃಷ್ಣಯ್ಯ ಶೆಟ್ಟಿ, ಮೂರನೆಯ ಕಡೆ ಶೆಟ್ಟಿ ಆರ್. ಕೆ. ಹೊರನಾಡಿನ ಕನ್ನಡಿಗರ ಹೆಸರುಗಳ ಈ ಅವತಾರಗಳು ಒಬ್ಬರೇ ಎಂದು ಯಂತ್ರಕ್ಕೆ ಹೇಳಿಕೊಡಬೇಕಾದವರು ಗುಮಾಸ್ತರೇ. ನಮ್ಮ ಶಾಲೆ, ಪಾನ್ ಕಾರ್ಡು, ರೇಷನ್ ಕಾರ್ಡುಗಳಲ್ಲಿ ಹೆಸರು ಮೂರು ಬಗೆಯಾಗಿ ಪಟ್ಟ ಪಾಡು ಈ ಸಂಚಿಕೆಯನ್ನು ಓದುವವರಲ್ಲಿ ಯಾರಿಗೆ ಗೊತ್ತಿಲ್ಲ?

ಇನ್ನೊಂದು ಸಂಗತಿ. ಯಂತ್ರ ಬಂದ ಮೇಲೂ ಹಳೆಯ ಕೈಬರಹದ ನಿಯಮ ಎಷ್ಟು ಕಾಲ ಬದುಕಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಉಳಿತಾಯ ಖಾತೆಗೆ ಬಡ್ಡಿ ಹಾಕುವಾಗ ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ ಎಂಬ ನಿಯಮವಿತ್ತು. ಪ್ರತಿದಿನದ ಶಿಲ್ಕಿಗೆ ಕೈಯಿಂದ ಬಡ್ಡಿ ಹಾಕುವುದು ಅಸಾಧ್ಯವಾದ್ದರಿಂದ ಬಂದ ನಿಯಮ ಅದು. ಮುಂಬಯಿಯಲ್ಲಿ ದುಡಿದು ಊರಿಗೆ ಹಣ ಕಳಿಸುವವನ ಲೆಕ್ಕವನ್ನು ನೋಡೋಣ. 30 ದಿನಗಳ ಒಂದು ತಿಂಗಳಲ್ಲಿ ಒಬ್ಬನ ಖಾತೆಯಲ್ಲಿ 24ನೆಯ ತಾರೀಖಿನವರೆಗೆ 20,000 ರೂಪಾಯಿ ಇದ್ದಿತು, 25ರಂದು ಆತ ಮನೆಗೆ 18,000 ಕಳಿಸಿದ, ಉಳಿದದ್ದು 2,000. ಆಗಿನ ದರ ಶೇಕಡಾ ಮೂರೂವರೆ. ಹಳೆಯ ನಿಯಮದಂತೆ ಬಡ್ಡಿ 2,000ಕ್ಕೆ ಮಾತ್ರ, ಎಂದರೆ 5 ರೂಪಾಯಿ 83 ಪೈಸೆ. ದಿನದಿನದ ಶಿಲ್ಕಿಗೆ ಲೆಕ್ಕ ಹಾಕಿದರೆ 47 ರೂಪಾಯಿ 18 ಪೈಸೆ. ತಿಂಗಳ ಕೊನೆಗೆ ಊರಿಗೆ ಹಣ ಕಳಿಸುವ ಪ್ರತಿಯೊಬ್ಬನೂ ಈ ವ್ಯತ್ಯಾಸವನ್ನು ತಿಂಗಳು ತಿಂಗಳೂ ಕಳೆದುಕೊಳ್ಳುತ್ತಿದ್ದ. ಈ ಲೆಕ್ಕವನ್ನು ಕಣ್ಣು ಮಿಟುಕುವುದರೊಳಗೆ ಮಾಡಬಲ್ಲ ಯಂತ್ರಗಳು ಶಾಖೆಗಳಲ್ಲಿ ಎಷ್ಟೋ ವರ್ಷಗಳಿಂದ ಕುಳಿತಿದ್ದವು. ದಿನದ ಶಿಲ್ಕಿಗೆ ಬಡ್ಡಿ ಎಂಬ ನಿಯಮವನ್ನು ರಿಸರ್ವ್ ಬ್ಯಾಂಕು ಜಾರಿಗೆ ತಂದದ್ದು 2010ರ ಏಪ್ರಿಲ್ 1ರಿಂದ. ಹೇಗೆ ಎಂಬ ಕಂಬ ತುಂಬಿತ್ತು, ಏಕೆ ಎಂಬ ಕಂಬದಲ್ಲಿ ಹಳೆಯ ಗುಮಾಸ್ತನ ಕೈನೋವು ಇನ್ನೂ ಬರೆದಿತ್ತು.

ಇದಕ್ಕೆ ಪ್ರತಿಯಾಗಿ, ಯಂತ್ರವೇ ಇಲ್ಲದೆ ಉದ್ದೇಶಕ್ಕೆ ಸರಿಹೊಂದುವ ವ್ಯವಸ್ಥೆಯನ್ನು ಕಟ್ಟಿದ ಉದಾಹರಣೆ ನಮ್ಮ ಉಡುಪಿಯಲ್ಲೇ ಇದೆ. ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ದಿನಗಳಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದರು. 1928ರಲ್ಲಿ ಪಿಗ್ಮಿ ಠೇವಣಿ ಬಂದಿತು. ದಿನಕ್ಕೆ ಎರಡಾಣೆ. ಜನ ಬ್ಯಾಂಕಿಗೆ ಬರಬೇಕಾಗಿಲ್ಲ. ಬ್ಯಾಂಕಿನವನೇ ಅಂಗಡಿಯ ಕಟ್ಟೆಗೆ, ಮನೆಯ ಜಗಲಿಗೆ ಬರುತ್ತಾನೆ. ಕಾರ್ಡಿನಲ್ಲಿ ಬರೆದು ಹೋಗುತ್ತಾನೆ. ಎರಡಾಣೆಯ ಜಮೆಗೆ ಒಂದು ದಾಖಲೆ ಎಂದರೆ ಲಾಯನ್ಸ್ ಕಂಪೆನಿಯ ಚಹದ ಬಟ್ಟಲಿನ ತೊಡಕೇ. ಖರ್ಚು ನೋಡಿದವರಾರೂ ಇದಕ್ಕೆ ಕೈಹಾಕುತ್ತಿರಲಿಲ್ಲ. ಉದ್ದೇಶ ಸ್ಪಷ್ಟವಾಗಿದ್ದರಿಂದ ಕೈಹಾಕಿದರು: ದಿನದ ಸಂಪಾದನೆಯವನಿಗೆ ದಿನದ ಉಳಿತಾಯ. ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ, ಆರಕ್ಕೂ ಉತ್ತರ ಆ ಸಣ್ಣ ಕಾರ್ಡಿನಲ್ಲಿತ್ತು. ಮುಂದೆ ಪಿಗ್ಮಿ ಸಂಗ್ರಾಹಕರ ಕೈಗೆ ರಸೀದಿ ಕೊಡುವ ಪುಟ್ಟ ಯಂತ್ರವೂ ಬಂದಿತು. ಆದರೆ 'ಯಾರು' ಎಂಬುದರ ಉತ್ತರ ಕಾನೂನಿನಲ್ಲಿ ಬಹುಕಾಲ ತೂಗಾಡಿತು. ಅವರು ಕಮಿಷನ್ನಿನ ಮೇಲೆ ದುಡಿಯುವ ಹೊರಗಿನವರೋ, ಬ್ಯಾಂಕಿನ ನೌಕರರೋ? ಅವರೂ ಕಾರ್ಮಿಕರೇ, ಕಮಿಷನ್ನೇ ಅವರ ಸಂಬಳ ಎಂದು ಸುಪ್ರೀಮ್ ಕೋರ್ಟು ಹೇಳಿದ್ದು 2001ರಲ್ಲಿ, ಪಿಗ್ಮಿ ಹುಟ್ಟಿ 73 ವರ್ಷಗಳ ಮೇಲೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ವಿಜಯ ಬ್ಯಾಂಕು ಅದಕ್ಕೆ ಒಂದು ವರ್ಷ ಮುಂಚೆಯೇ ಬ್ಯಾಂಕ್ ಆಫ್ ಬರೋಡದಲ್ಲಿ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿಯೇ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಗಿದ್ದವು. ಯಂತ್ರಗಳು ಒಂದೇ ಜಾತಿಯವಾದುದರಿಂದ ಕೆಲಸ ಸುಲಭವಾಯಿತು ಎಂಬುದನ್ನು ಅಲ್ಲಗಳೆಯಲಾರೆ. ಯಂತ್ರ ಬೇರೆಯಾಗಿದ್ದರೆ ತಿಂಗಳುಗಟ್ಟಲೆ ಗಿರಾಕಿಗಳ ಖಾತೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ತೊಂದರೆ ಎಷ್ಟೆಂದು ಬಲ್ಲವರೇ ಬಲ್ಲರು. ಆದರೆ ಇಪ್ಪತ್ತು ವರ್ಷ ಹಿಂದೆ ಯಾವುದೋ ಟೆಂಡರಿನಲ್ಲಿ ಯಾವ ಯಂತ್ರವನ್ನು ಆರಿಸಿದರೋ, ಅದು ಒಂದು ಜಿಲ್ಲೆಯ ಬ್ಯಾಂಕುಗಳ ಭವಿಷ್ಯದಲ್ಲಿ ಒಂದು ಮಾತನ್ನು ಆಡಿತು ಎಂಬುದೂ ಅಷ್ಟೇ ನಿಜ. ಆಗ ಆರಿಸಿದವರಿಗೆ ಇದರ ಕಲ್ಪನೆಯಿದ್ದಿರಲಾರದು.

ಆ ಹಿರಿಯರು ಜುಲೈಯಲ್ಲಿ ಮತ್ತೆ ಬಂದಿದ್ದರು. ಎಸ್.ವೈ.ಎನ್.ಬಿ. ಎಂದು ಆರಂಭವಾಗುತ್ತಿದ್ದ ಅವರ ಕೋಡ್ ಜೂನ್ 30ಕ್ಕೆ ಮುಗಿದು, ಈಗ ಸಿ.ಎನ್.ಆರ್.ಬಿ. ಎಂದಾಗಿತ್ತು. ಅಕ್ಷರಗಳು ಬದಲಾದರೂ ಕೊನೆಯಲ್ಲಿರುವ ತಮ್ಮ ಶಾಖೆಯ ಸಂಖ್ಯೆ ಹಾಗೆಯೇ ಇದೆ, ಅದರ ಹಿಂದೆ ಒಂದು 1 ಸೇರಿದೆ ಅಷ್ಟೇ ಎಂಬುದನ್ನು ಅವರೇ ಪತ್ತೆಮಾಡಿ ನನಗೆ ತೋರಿಸಿದರು. ಹಳೆಯ ಪಾಸ್ ಪುಸ್ತಕದ ರಕ್ಷಾಪುಟದ ಮೇಲೆ ಹೊಸ ಕೋಡನ್ನು ನೀಲಿ ಶಾಯಿಯಲ್ಲಿ ಬರೆದು, ಹಳೆಯದನ್ನು ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದರು.